ಟವೆಲ್ಲಿನ ಕೆಳಗಿನ ಎರಡು ಬೆರಳು

ಅಕ್ಕನ ಫೋನು ಬಂದಾಗ ನಾನು ಒಲೆಯ ಮುಂದೆ ಕೂತು ಅನ್ನ ಕುದಿಯುವುದನ್ನು ನೋಡುತ್ತಿದ್ದೆ. ಒಬ್ಬನಿಗೆ ಅನ್ನ ಮಾಡುವುದು ಸುಲಭದ ಕೆಲಸವಲ್ಲ. ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಇಬ್ಬರಿಗೆ ಆಗುವಷ್ಟು ಉಬ್ಬಿ ಬರುತ್ತದೆ. ಎತ್ತಿನ ಬಾಯಿ ತೆರೆಸಿ ಹಲ್ಲು ನೋಡಿ ವಯಸ್ಸು ಹೇಳುವ ನನಗೆ, ಹೆಂಡತಿ ತೀರಿಕೊಂಡ ಮೇಲೆ ಈ ಒಂದು ಅಂದಾಜು ಮಾತ್ರ ಇನ್ನೂ ಕೈಗೆ ಹತ್ತಿಲ್ಲ.

"ತಮ್ಮಾ, ನಮ್ಮ ಗ್ವಾಡಿಗೆ ಕುಂಕುಮ ಹಚ್ಚಿ ಹೋಗ್ಯಾರೋ," ಅಂದಳು ಅಕ್ಕ.

"ಯಾರ ಬೇ?"

"ಮೆಟ್ರೊದವ್ರು. ಕೆಂಪ್ ಬಣ್ಣದ್ದ ಗುರುತ ಹಾಕ್ಯಾರ. ಬಲಿ ಕೊಡೂ ಕುರಿಗಿ ಹಚ್ತಾರಲಾ, ಹಂಗ."

ಅಕ್ಕ ಪುಣೆಯಲ್ಲಿ ಖಾನಾವಳಿ ನಡೆಸುತ್ತಾಳೆ. ಮದುವೆಯಾಗಿ ಭಾವನ ಹಿಂದೆ ಹೋದವಳು; ಭಾವ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರು ತೀರಿಕೊಂಡ ಮೇಲೆ ಊರಿಗೆ ಬರುತ್ತಾಳೆ ಅಂದುಕೊಂಡೆವು. ಬರಲಿಲ್ಲ. ದೊಡ್ಡ ರಸ್ತೆಯ ಬದಿಯಲ್ಲಿ ಒಂದು ಅಂಗಡಿ ಬಾಡಿಗೆಗೆ ಹಿಡಿದು, ಮುಂದೆ ಒಲೆ ಹೂಡಿ, ಜೋಳದ ರೊಟ್ಟಿ ಬಡಿಯಲು ಕೂತಳು. ನಮ್ಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ನಾವಿಬ್ಬರೇ. ಅವಳಿಗೂ ಮಕ್ಕಳಿಲ್ಲ, ನನಗೂ ಇಲ್ಲ. ಅವಳು ಅಲ್ಲಿ, ನಾನು ಇಲ್ಲಿ ಶಿರಗುಪ್ಪಿಯ ಕಬ್ಬಿನ ನಡುವೆ.

ಹೊಸ ಮೆಟ್ರೊ ಮಾರ್ಗವೊಂದು ಆ ರಸ್ತೆಯ ಮೇಲೆ ಬರಲಿದೆಯೆಂದು ಹಲವು ದಿನಗಳಿಂದ ಹೇಳುತ್ತಿದ್ದಳು. ನಾನು ಅಷ್ಟು ಕಿವಿಗೊಟ್ಟಿರಲಿಲ್ಲ. ಪಟ್ಟಣದವರ ಯೋಜನೆಗಳು ನಮ್ಮ ಕಡೆಯ ಬೀಗರ ಮಾತಿದ್ದಂತೆ; ಹಾರ ಬೀಳುವವರೆಗೆ ನಂಬಬಾರದು. ಈಗ ಗೋಡೆಗೆ ಗುರುತೇ ಬಿದ್ದಿತ್ತು.

"ನೀ ದಲಾಲಿ ಅದಿ. ಬಂದ ಅವರ ಕೂಡ ಮಾತಾಡು," ಅಂದಳು.

"ಬರ್ತೀನಿ," ಅಂದೆ.

ಫೋನು ಇಟ್ಟ ಮೇಲೆ ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ. ಅಂಗಡಿ ಹೋದರೆ ಅಕ್ಕ ಎಲ್ಲಿಗೆ ಬರಬೇಕು? ಇಲ್ಲಿಗೇ ಬರಬೇಕು. ಈ ಯೋಚನೆ ಬಂದದ್ದೇ ನಾನು ಎದ್ದು ಅಡುಗೆ ಮನೆಯ ಕಿಟಕಿ ತೆಗೆದೆ. ಹೆಂಡತಿ ಹೋದಾಗಿನಿಂದ ಅದನ್ನು ತೆಗೆದಿರಲಿಲ್ಲ. ಮರುದಿನ ಜೇಡರ ಬಲೆ ತೆಗೆಸಿ ಸುಣ್ಣ ಹೊಡೆಸಿದೆ. ಚಿಕ್ಕೋಡಿಗೆ ಹೋಗಿ, ಅಂಗಡಿಯವನೊಂದಿಗೆ ಗುದ್ದಾಡಿ, ರೊಟ್ಟಿ ಸುಡುವ ಒಂದು ದೊಡ್ಡ ಕಬ್ಬಿಣದ ಹಂಚು ತಂದೆ. ಹಂಚು ಕೊಳ್ಳುವವರಿಗೆ ನನ್ನದೊಂದು ಮಾತು: ಹೊಳಪು ನೋಡಬೇಡಿ, ಬೆರಳಿನ ಗೆಣ್ಣಿನಿಂದ ಬಡಿದು ನಾದ ಕೇಳಿ. ಬಿರುಕಿದ್ದರೆ ದನಿ ಒಡೆದಿರುತ್ತದೆ.

ಮಗ್ಗುಲು ಮನೆಯ ವೈನಿ ದಿನಾ ಮಜ್ಜಿಗೆ ಕೊಟ್ಟು ಹೋಗುತ್ತಾರೆ. ಅವರು ಹಂಚು ನೋಡಿ, "ಏನ್ರಿ ಕಾಕಾ, ಲಗ್ನಾ ಏನರ ಮಾಡ್ಕೊಳ್ಳಾಕತ್ತೀರೇನು?" ಅಂದರು.

"ಅಕ್ಕ ಬರ್ತಾಳ," ಅಂದೆ.

"ಬರ್ತೀನಿ ಅಂದಾರೇನ್ರಿ?"

ನಾನು ಹಂಚನ್ನು ಗೆಣ್ಣಿನಿಂದ ಬಡಿದು ಅವರಿಗೂ ನಾದ ಕೇಳಿಸಿದೆ.

ನನ್ನ ಕಸುಬಿನ ಬಗ್ಗೆ ಸ್ವಲ್ಪ ಹೇಳಬೇಕು. ಮುಂದಿನದು ಅದರ ಮೇಲೆಯೇ ನಿಂತಿದೆ. ನಮ್ಮಪ್ಪ ಎತ್ತಿನ ದಲಾಲಿ. ನಾನೂ ಅದನ್ನೇ ಹಿಡಿದೆ. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದ ಮೇಲೆ ಒಣದ್ರಾಕ್ಷಿ, ಕಬ್ಬಿನ ಹೊಲ, ಹಳೆ ಟ್ರಾಲಿ, ಏನು ಸಿಕ್ಕರೂ ಮಾರಿಸಿದೆ, ಕೊಡಿಸಿದೆ. ಆದರೆ ಮೊದಲು ಕಲಿತ ವಿದ್ಯೆ ದನದ ಸಂತೆಯದ್ದು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಸುತ್ತ ಹತ್ತು ಜನ ನಿಂತಿರುತ್ತಾರೆ, ಹತ್ತು ಜನರ ಕಿವಿ ನೆಟ್ಟಿರುತ್ತದೆ. ಅದಕ್ಕೇ ದಲಾಲಿ ತನ್ನ ಹೆಗಲ ಮೇಲಿನ ಟವೆಲ್ಲು ತೆಗೆದು ಎರಡು ಕೈಗಳ ಮೇಲೆ ಹೊದಿಸುತ್ತಾನೆ. ಒಳಗೆ ಬೆರಳು ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಎದುರಿನವನು ಒಪ್ಪದಿದ್ದರೆ ಕೈ ಬಿಡಿಸಿ ತನ್ನ ಲೆಕ್ಕದ ಬೆರಳು ಹಿಡಿಯುತ್ತಾನೆ. ಮೇಲೆ ಮುಖಗಳು ಮಳೆ ಬೆಳೆ ಮಾತಾಡುತ್ತಿರುತ್ತವೆ, ಕೆಳಗೆ ಕೈಗಳು ಜಗಳಾಡುತ್ತಿರುತ್ತವೆ.

ಒಂದೇ ಒಂದು ನಿಯಮ. ಟವೆಲ್ಲು ಹೊದಿಸುವ ಮೊದಲು, ಬೆರಳು ಯಾತರ ಲೆಕ್ಕ ಅನ್ನುವುದನ್ನು ಬಾಯಲ್ಲಿ ಹೇಳಬೇಕು. ನೂರರದೋ ಸಾವಿರದ್ದೋ, ಒಂಟಿ ಎತ್ತಿನ ಮಾತೋ ಜೋಡಿಯ ಮಾತೋ. ಬೆರಳಿಗೆ ಎಣಿಕೆ ಗೊತ್ತು, ಅದು ಯಾವುದರ ಎಣಿಕೆ ಅನ್ನುವುದು ಗೊತ್ತಿಲ್ಲ. ನಾನು ಚಿಕ್ಕವನಿದ್ದಾಗ ಅಥಣಿ ಕಡೆಯ ಸಂತೆಯಲ್ಲಿ ಇಬ್ಬರು ಇದನ್ನು ಮರೆತರು. ಬೆರಳು ಕೂಡಿತು, ಎಲೆ ಅಡಿಕೆಯೂ ಆಯಿತು. ಹಗ್ಗ ಬಿಚ್ಚುವಾಗ ಕೊಂಡವನು ಎರಡೂ ಎತ್ತಿಗೆ ಕೈ ಹಾಕಿದ, ಮಾರಿದವನು ಒಂದನ್ನು ಎಳೆದುಕೊಂಡ. ನಾನು ಅಂದದ್ದು ಜೋಡಿಗೆ ಎಂದು ಅವನು, ನಾನು ಅಂದದ್ದು ಒಂದಕ್ಕೆ ಎಂದು ಇವನು. ಬಿಸಿಲು ಇಳಿಯುವವರೆಗೆ ಎತ್ತುಗಳೆರಡೂ ಯಾರವೂ ಅಲ್ಲದೆ ನಡುವೆ ನಿಂತಿದ್ದವು. ಅಪ್ಪ ನನ್ನ ಕಿವಿ ಹಿಡಿದು ಹೇಳಿದ: "ಯಾತರ ಮಾತ ಅಂತ ಹೇಳಲಾರದ ಬಟ್ಟ ಹಿಡೀಬ್ಯಾಡಲೇ." ಬಟ್ಟ ಅಂದರೆ ನಮ್ಮ ಕಡೆ ಬೆರಳು.

ಈ ವಿದ್ಯೆ ನಾನು ಸಂತೆಯಲ್ಲಿ ಕಲಿತದ್ದಲ್ಲ. ಮನೆಯಲ್ಲಿ, ಅವ್ವನ ಸೀರೆಯ ಸೆರಗಿನ ಕೆಳಗೆ, ಅಕ್ಕನ ಕೈ ಹಿಡಿದು ಕಲಿತದ್ದು. ಪೇರಲ ಹಣ್ಣಿಗೆ ವ್ಯಾಪಾರ. ಅಕ್ಕನೇ ಗೆಲ್ಲುತ್ತಿದ್ದಳು, ಒಪ್ಪದಿದ್ದರೆ ಉಗುರಿನಿಂದ ಚಿವುಟುತ್ತಿದ್ದಳು. ಹೆಣ್ಣು ಮಕ್ಕಳು ಸಂತೆಗೆ ಹೋಗುವ ರೂಢಿ ಇದ್ದಿದ್ದರೆ ದಲಾಲಿ ಅವಳಾಗುತ್ತಿದ್ದಳು, ನಾನು ಎತ್ತಿನ ಹಗ್ಗ ಹಿಡಿಯುತ್ತಿದ್ದೆ.

ಈಗ ಸಂತೆಯಲ್ಲೂ ಫೋನಿನ ಮೇಲೆಯೇ ಮಾತು. ಫೋಟೋ ಕಳಿಸುತ್ತಾರೆ, ಬೆಲೆ ಬರೆಯುತ್ತಾರೆ. ಟವೆಲ್ಲು ಹೆಗಲ ಮೇಲಿದೆ, ಅದಕ್ಕೆ ಕೆಲಸವಿಲ್ಲ. ಒಮ್ಮೆ ಹೀಗೇ ಕಟ್ಟೆಯ ಮೇಲೆ ಕೂತು ನೆನಪು ಮಾಡಿಕೊಂಡೆ: ಹೆಂಡತಿ ಹೋದ ಮೇಲೆ ನನ್ನ ಕೈಯನ್ನು ಯಾರು ಹಿಡಿದಿದ್ದಾರೆ? ಮಿರಜದ ಡಾಕ್ಟರು ನಾಡಿ ನೋಡಲು ಹಿಡಿದಿದ್ದರು. ಬೇರೆ ಯಾರೂ ನೆನಪಾಗಲಿಲ್ಲ.

ಕಾಗವಾಡದಿಂದ ಮಿರಜಕ್ಕೆ ಬಸ್ಸು, ಅಲ್ಲಿಂದ ರೈಲು. ಪುಣೆಯಲ್ಲಿ ಇಳಿದು ಅಕ್ಕನ ರಸ್ತೆ ಮುಟ್ಟುವುದಕ್ಕೆ ರೈಲಿನಲ್ಲಿ ಕೂತದ್ದಕ್ಕಿಂತ ಹೆಚ್ಚು ಸುಸ್ತಾಯಿತು. ರಿಕ್ಷಾದ ಮುಂದೆ ಸ್ಕೂಟರು, ಸ್ಕೂಟರಿನ ಮುಂದೆ ಬಸ್ಸು, ಬಸ್ಸಿನ ಮುಂದೆ ಏನಿತ್ತೋ ಕಾಣಿಸಲಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ಗೇಟಿನ ಮುಂದೆ ಗಾಡಿಗಳು ನಿಲ್ಲುತ್ತವಲ್ಲ, ಹಾಗೆ. ಅಲ್ಲಿಯಾದರೆ ಮುಂದಿನ ಗಾಡಿಯವನು ಇಳಿದು ಬಂದು ಬೀಡಿ ಕೇಳುತ್ತಾನೆ, ಹೆಸರು ಕೇಳುತ್ತಾನೆ. ಇಲ್ಲಿ ಪಕ್ಕದ ಸ್ಕೂಟರಿನವನ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು, ಅವನು ನನ್ನನ್ನು ನೋಡಲೂ ಇಲ್ಲ. ಇಷ್ಟು ಜನರ ನಡುವೆ ಇಷ್ಟು ಒಂಟಿಯಾಗಿ ನಾನು ಊರ ಹೊಲದಲ್ಲೂ ಕೂತಿರಲಿಲ್ಲ. ಈ ಊರಿಗೆ ಮೆಟ್ರೊ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಕಾದದ್ದೆಲ್ಲ ಯಾರದೋ ಒಲೆಯ ಮೇಲೆಯೇ ಬಂದು ಕೂರುತ್ತದೆ.

ಅಂಗಡಿಯ ಮುಂದೆ ಒಂದು ದೊಡ್ಡ ಮಷಿನ್ನು ರಸ್ತೆಗೆ ತೂತು ಕೊರೆಯುತ್ತಿತ್ತು. ಕಂಬ ನಿಲ್ಲಿಸುವ ಮೊದಲು ಮಣ್ಣು ಹೇಗಿದೆ ನೋಡುತ್ತಾರಂತೆ. ಆ ಮಷಿನ್ನಿನ ಡ್ರೈವರು ನಮ್ಮ ಕಡೆಯ ಐಗಳಿ ಊರಿನವನು. ಮಧ್ಯಾಹ್ನವಾದೊಡನೆ ಮಷಿನ್ನು ನಿಲ್ಲಿಸಿ, ಕೈತೊಳೆದು, ಅಕ್ಕನ ಅಂಗಡಿಯೊಳಗೇ ಬಂದು ಕೂತ.

"ಊಟಕ್ಕೂ ಇಲ್ಲೇ, ಅಗಿಯಾಕೂ ಇಲ್ಲೇ ಏನಪಾ?" ಅಂದೆ.

"ಏನ್ ಮಾಡ್ಲ್ರಿ ಮಾವಾರ, ಕೊರಿಯಾಂವನೂ ನಾನ, ಉಣ್ಣಾಂವನೂ ನಾನ," ಅಂದ. "ಅಕ್ಕಾರ, ಹಿಂಡಿ ಇನ್ನೊಂದೀಟ್ ಹಾಕ್ರಿ."

ಅಕ್ಕ ಶೇಂಗಾ ಚಟ್ನಿಪುಡಿ ಹಾಕುತ್ತ, "ನನ್ನ ಅಂಗಡಿ ಕೆಳಗ ಮಣ್ಣ ಹೆಂಗೈತೋ?" ಅಂದಳು.

"ಗಟ್ಟಿ ಐತ್ರಿ. ನಿಮ್ಮಂಗ."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಾನು ಗೋಡೆಯ ಗುರುತು ನೋಡುತ್ತಿದ್ದೆ. ನಿಜಕ್ಕೂ ಯಾರೋ ಅದರ ಮೇಲೆ ಅರಿಶಿಣ ಸವರಿ ಒಂದು ಚೆಂಡು ಹೂ ಅಂಟಿಸಿದ್ದರು.

ಊಟದ ಗದ್ದಲ ಮುಗಿದ ಮೇಲೆ ಅಕ್ಕನ ಎದುರಿಗೆ ಕೂತೆ. ಹಿಟ್ಟಿನ ಕೈ ಒರೆಸಿಕೊಳ್ಳುತ್ತಿದ್ದಳು. ನಾನು ಸುತ್ತಿ ಬಳಸಿ ಮಾತಾಡಲಿಲ್ಲ. ಬೇರೆಯವರ ವ್ಯಾಪಾರದಲ್ಲಿ ಸುತ್ತಬಹುದು, ಸ್ವಂತದ್ದರಲ್ಲಿ ನನಗೆ ಆಗುವುದಿಲ್ಲ.

"ಪರಿಹಾರ ಕೊಟ್ರ ತಗೊಂಡ ಊರಿಗಿ ನಡಿ ಬೇ ಅಕ್ಕಾ. ಅಡಿಗಿ ಮನಿಗಿ ಸುಣ್ಣಾ ಹೊಡಿಸೀನಿ. ದೊಡ್ಡ ಹಂಚ ತಂದೀನಿ. ಖಣ ಖಣ ಅಂತೈತಿ."

ಅಕ್ಕ ನನ್ನ ಮುಖವನ್ನು ಒಮ್ಮೆ ನೋಡಿದಳು. "ಮೊದಲ ಆಫೀಸಿಗಿ ಹೋಗೂಣು," ಅಂದಳು.

ಮರುದಿನ ಹೋದೆವು. ಎತ್ತರದ ಕಟ್ಟಡ, ಒಳಗೆ ಚಳಿ. ನಮ್ಮ ಸರದಿ ಬಂದಾಗ ಒಳಗಿದ್ದ ಸಾಹೇಬ ನನ್ನ ಅರ್ಧ ವಯಸ್ಸಿನವನು. ಮರಾಠಿಯವನು, ಒಳ್ಳೆಯ ಹುಡುಗ. ಎದ್ದು ನಿಂತು ಅಕ್ಕನಿಗೆ ಕುರ್ಚಿ ತೋರಿಸಿದ. ಗಡಿಯ ಕಡೆಯವರಾದ ನಮಗೆ ಮರಾಠಿಯೂ ರೂಢಿಯೇ ಆದ್ದರಿಂದ ತೊಡಕಿರಲಿಲ್ಲ. ಅವನು ಕೇಳಿದ: ಏನು ನಿಮ್ಮ ಅಪೇಕ್ಷೆ?

ಅಪೇಕ್ಷೆ ಅಂದದ್ದೇ ತಡ, ನನ್ನ ಕೈ ತಾನಾಗಿಯೇ ನಡೆಯಿತು. ಹೆಗಲ ಮೇಲಿನ ಟವೆಲ್ಲು ತೆಗೆದು ಬಲಗೈ ಮೇಲೆ ಹಾಕಿಕೊಂಡು ಟೇಬಲ್ಲಿನ ಮೇಲಿಂದ ಅವನತ್ತ ಚಾಚಿದೆ.

ಹುಡುಗ ಕುರ್ಚಿಯನ್ನು ಹಿಂದಕ್ಕೆ ದೂಡಿದ. ಕಣ್ಣು ಛಾವಣಿಯ ಮೂಲೆಗೆ ಹೋಯಿತು. "ಕಾಕಾ, ಹೇ ಇಥಂ ಚಾಲತ ನಾಹೀ," ಅಂದ ಸಣ್ಣ ದನಿಯಲ್ಲಿ. ಇದೆಲ್ಲ ಇಲ್ಲಿ ನಡೆಯುವುದಿಲ್ಲ. ಅವನು ನೋಡಿದ ಕಡೆ ನಾನೂ ನೋಡಿದೆ. ಅಲ್ಲಿ ಕ್ಯಾಮೆರಾ ಇತ್ತು.

ಟವೆಲ್ಲಿನ ಕೆಳಗೆ ಏನೋ ಇಟ್ಟು ಕೊಡುತ್ತಿದ್ದೇನೆ ಅಂದುಕೊಂಡಿದ್ದ! ನಾನು ಗಾಬರಿಯಾಗಿ ಟವೆಲ್ಲು ಎತ್ತಿ ಕೊಡವಿದೆ. ಖಾಲಿ ಕೈಯನ್ನು ಕ್ಯಾಮೆರಾದ ಕಡೆಗೂ ತಿರುಗಿಸಿ ತೋರಿಸಿದೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಲುಗಾಡಿ ನಗುತ್ತಿದ್ದಳು. ಅವಳೇ ಅವನಿಗೆ ಸಂತೆಯ ಪದ್ಧತಿ ತಿಳಿಸಿ ಹೇಳಿದಳು. ಹುಡುಗನಿಗೂ ನಗು ಬಂತು. ತನ್ನ ಅಜ್ಜನೂ ಎತ್ತು ಕೊಳ್ಳಲು ಸಂತೆಗೆ ಹೋಗುತ್ತಿದ್ದನೆಂದ. ಆದರೂ ಕೈ ಮುಂದೆ ಮಾಡಲಿಲ್ಲ. ನಾನು ಟವೆಲ್ಲು ಮಡಚಿ ತೊಡೆಯ ಮೇಲೆ ಇಟ್ಟುಕೊಂಡೆ.

ಅವನು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದ. ಊರ ಮೇಲೆ ಒಂದು ನೀಲಿ ಗೆರೆ. ಗೆರೆಯ ಮೇಲೆ ಒಂದು ಚೌಕ. ಅದು ಸ್ಟೇಶನ್ನು. ಚೌಕದ ಪಕ್ಕ ಸಣ್ಣ ಹಲ್ಲುಗಳ ಹಾಗೆ ಮೆಟ್ಟಿಲು. ಮೆಟ್ಟಿಲು ಇಳಿಯುವುದು ಅಕ್ಕನ ಒಲೆಯ ಮೇಲೆ.

"ಇದನ್ನು ಸ್ವಲ್ಪ ಆಚೆ ಸರಿಸಿದರೆ?" ಅಂದೆ ಮರಾಠಿಯಲ್ಲಿ.

"ಕಾಕಾ, ಇದೇನು ಮಂಚವೇ, ಸರಿಸುವುದಕ್ಕೆ?" ಅಂದ. ಇನ್ನೂ ಯೋಜನೆಯ ಹಂತ, ಹೆಚ್ಚುಕಡಿಮೆ ಆಗಬಹುದು, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದ. ಬಾಡಿಗೆ ಅಂಗಡಿಯವರಿಗೆ ಎರಡು ದಾರಿ ಇರಬಹುದೆಂದ. ಒಂದು, ಪರಿಹಾರ ತೆಗೆದುಕೊಂಡು ಬಿಟ್ಟು ಹೋಗುವುದು. ಇನ್ನೊಂದು, ಅಲ್ಲಿಯವರೆಗೆ ಬೇರೆಲ್ಲಾದರೂ ನಡೆಸಿಕೊಂಡಿದ್ದು, ಸ್ಟೇಶನ್ನು ಎದ್ದ ಮೇಲೆ ಅದರ ಕೆಳಗೆ ಒಂದು ಮಳಿಗೆ ಕೇಳುವುದು. ನಿಮ್ಮ ಇಚ್ಛೆ ಯಾವುದು ಎಂದು ಈಗಲೇ ತಿಳಿಸಿದರೆ ಒಳ್ಳೆಯದು.

ನನ್ನ ಆಯುಷ್ಯದಲ್ಲಿ ಇಂಥ ವ್ಯಾಪಾರ ನೋಡಿರಲಿಲ್ಲ. ಎದುರಿನವನಿಗೆ ಆಸೆಯಿಲ್ಲ, ಸಿಟ್ಟಿಲ್ಲ, ಸಂಜೆಯೊಳಗೆ ಮನೆಗೆ ಹೋಗುವ ಅವಸರವಿಲ್ಲ. ಎಲ್ಲಿ ಹಿಡಿಯಬೇಕು ಇವನನ್ನು? ಆಸೆಯಿಲ್ಲದವನ ಎದುರಿಗೆ ದಲಾಲಿ ಅಂದರೆ ನೀರಿಲ್ಲದ ಕಡೆ ಅಂಬಿಗ. ಆದರೂ ನನಗೆ ಬೇಕಾದದ್ದು ಎದುರಿಗೇ ಇತ್ತಲ್ಲ. "ಪರಿಹಾರವೇ ಸಾಕು, ನಾವು ಊರಿಗೆ ಹೋಗುತ್ತೇವೆ," ಅಂದುಬಿಟ್ಟೆ.

ಸಾಹೇಬ ಕೀಲಿಮಣೆಯ ಮೇಲೆ ಕೈ ಇಟ್ಟವನು ತಡೆದ. ಅಕ್ಕನ ಕಡೆ ತಿರುಗಿ, "ದುಕಾನ ಕುಣಾಚಂ?" ಎಂದು ಕೇಳಿದ. ಅಂಗಡಿ ಯಾರದು?

"ಮಾಝಂ," ಅಂದಳು ಅಕ್ಕ. ನನ್ನದು.

ಮಳಿಗೆಯೇ ಬೇಕೆಂದು ಹೇಳಿದಳು. ಅವನು ಹಾಗೆಯೇ ಬರೆದುಕೊಂಡ. ನನ್ನ ದಲಾಲಿ ಅಷ್ಟಕ್ಕೇ ಮುಗಿಯಿತು.

ಅಂಗಡಿಗೆ ಬಂದು ಅಕ್ಕ ಒಲೆ ಹೊತ್ತಿಸಿದಳು, ಗಿರಾಕಿಗಳು ಬಂದರು. ನಾನು ಮೂಲೆಯ ಬೆಂಚಿನ ಮೇಲೆ ಕೂತಿದ್ದೆ. ಐಗಳಿಯ ಡ್ರೈವರು ಸುದ್ದಿ ಕೇಳಿ ನನ್ನ ಕಡೆ ತಿರುಗಿದ.

"ಏನ್ರಿ ಮಾವಾರ, ಅಕ್ಕಾರ್ನ ಕರಕೊಂಡ ಹೊಂಟಿದ್ರಂತ? ನಾವೇನ ಈ ತೂತಿನಾಗಿನ ಮಣ್ಣ ತಿನ್ನೂದೇನ್ರಿ?"

"ನೀ ಸುಮ್ಮನ ಉಣ್ಣೋ," ಅಂದೆ. ಆಮೇಲೆ ತಡೆಯಲಾರದೆ ಅಕ್ಕನಿಗೆ ಅಂದೆ, "ಈ ವಯಸ್ಸಿನಾಗ ಇಷ್ಟ ಮಂದಿಗಿ ರೊಟ್ಟಿ ಬಡಿಯೂದ ಯಾಕ ಬೇ? ಊರಾಗ ಇಬ್ಬರಿಗಿ ಬಡದ್ರ ಮುಗೀತು."

ಅಕ್ಕ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. ನನ್ನ ಕಡೆ ನೋಡಲಿಲ್ಲ.

"ತಮ್ಮಾ, ನಿನಗ ಬೇಕಾದಾಕಿ ಅಕ್ಕನೋ, ರೊಟ್ಟಿ ಬಡಿಯಾಕಿಯೋ?"

"ಹಂಗ್ಯಾಕ ಅಂತಿ?"

"ಅಡಿಗಿ ಮನಿಗಿ ಸುಣ್ಣಾ ಹೊಡಿಸೀನಿ ಅಂದಿ. ಹಂಚ ತಂದೀನಿ ಅಂದಿ. ನಾ ಕುಂದ್ರಾಕ ಒಂದ ಜಾಗಾ ಮಾಡೀನಿ ಅನ್ನಲಿಲ್ಲ."

ಡ್ರೈವರು ತಾಟಿನತ್ತ ತಲೆ ಬಗ್ಗಿಸಿದ. ಕೊಳ್ಳುವವನ ಮನಸ್ಸಿನಲ್ಲಿ ಏನಿದೆ ನೋಡಿ ಸರಕು ತೋರಿಸಬೇಕು ಎಂದು ನಾನು ಎಷ್ಟು ಹುಡುಗರಿಗೆ ಹೇಳಿಕೊಟ್ಟಿದ್ದೇನೆ! ನಾನೇ ಕೋಣೆ ತೋರಿಸುವ ಬದಲು ಒಲೆ ತೋರಿಸಿದ್ದೆ. ಅಕ್ಕನೊಂದಿಗೆ ಕಟ್ಟೆಯ ಮೇಲೆ ಸುಮ್ಮನೆ ಕೂರಬೇಕು, ಸಂಜೆ ಕಬ್ಬಿನ ಮೇಲಿನಿಂದ ಗಾಳಿ ಬರುವಾಗ ಯಾರಾದರೂ ಪಕ್ಕದಲ್ಲಿ ಇರಬೇಕು, ಇಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು. ಅದನ್ನು ಬಾಯಲ್ಲಿ ಹೇಳಲು ಬರದೆ ಹಂಚು ತಂದಿದ್ದೆ.

ಊರಿಗೆ ಹೊರಡುವ ದಿನ ಅಕ್ಕ ಬುತ್ತಿ ಕಟ್ಟಿದಳು. ರಿಕ್ಷಾ ಅಂಗಡಿಯ ಮುಂದೆ ನಿಂತಿತ್ತು, ಹಿಂದಿನ ಗಾಡಿಗಳು ಹಾರ್ನು ಹೊಡೆಯುತ್ತಿದ್ದವು. ನಾನು ಕಾಲಿಗೆ ಎರಗಿ ಎದ್ದೆ. ಆಗ ಅವಳು ನನ್ನ ಹೆಗಲ ಮೇಲಿನ ಟವೆಲ್ಲು ಎಳೆದು, ತನ್ನ ಬಲಗೈ ಮೇಲೆ ಹಾಕಿಕೊಂಡು ಮುಂದೆ ಚಾಚಿದಳು.

"ಆ ಸಾಹೇಬ ಹೆದರಿದ. ನಾ ಹೆದರಾಂಗಿಲ್ಲ. ಹಿಡಿ, ಎಷ್ಟ ಬೇಕು?"

ನಾನು ಕೈ ಒಳಗೆ ಹಾಕಿದೆ. ಅವಳ ಅಂಗೈ ಹಂಚಿನ ಕಾವಿಗೆ ಒರಟಾಗಿತ್ತು, ಬೆರಳುಗಳ ಸಂದಿಯಲ್ಲಿ ಹಿಟ್ಟು ಇತ್ತು. ನಾನು ಒಂದೊಂದೇ ಬೆರಳು ಹಿಡಿಯಲಿಲ್ಲ. ಇಡೀ ಕೈ ಹಿಡಿದೆ.

"ಆಸಿಬುರುಕಾ," ಅಂದಳು. ಕೈ ಬಿಡಿಸಿಕೊಂಡು ಉಗುರಿನಿಂದ ಒಮ್ಮೆ ಚಿವುಟಿದಳು, ಪೇರಲ ಹಣ್ಣಿನ ಕಾಲದ ಹಾಗೆಯೇ. ಆಮೇಲೆ ನನ್ನ ಎರಡು ಬೆರಳು ಹಿಡಿದಳು. ಗಟ್ಟಿಯಾಗಿ ಹಿಡಿದಳು, ಬೇಗ ಬಿಡಲಿಲ್ಲ.

ರಿಕ್ಷಾದವನು ಮರಾಠಿಯಲ್ಲಿ ಬೈಯತೊಡಗಿದ. ಅಕ್ಕ ಟವೆಲ್ಲು ನನ್ನ ಹೆಗಲ ಮೇಲೆ ಎಸೆದು, "ಒಲಿ ಮ್ಯಾಲ ರೊಟ್ಟಿ ಸೀದ ಹೋಕ್ಕೈತಿ" ಎಂದು ಒಳಗೆ ಓಡಿದಳು.

ರೈಲು ಸಾತಾರಾ ದಾಟಿದ ಮೇಲೆ ಬುತ್ತಿ ಬಿಚ್ಚಿದೆ. ರೊಟ್ಟಿ ಮುರಿಯುವಾಗ ಕೈ ನಿಂತಿತು. ಎರಡು ಅಂದಳು. ಯಾತರ ಎರಡು? ಟವೆಲ್ಲು ಹೊದಿಸುವ ಮೊದಲು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಪ್ಪನ ಕೈ ನನ್ನ ಕಿವಿಯ ಮೇಲೆ ಬಂದ ಹಾಗಾಯಿತು. ವರ್ಷಕ್ಕೆ ಎರಡು ದಿನ ಬರುತ್ತೇನೆ ಅಂದಳೋ, ಎರಡು ತಿಂಗಳು ಇರುತ್ತೇನೆ ಅಂದಳೋ, ಎರಡು ವರ್ಷ ತಡಿ, ಮೆಟ್ರೊ ಆಗಲಿ ಅಂದಳೋ? ಅಥವಾ ನಾವಿಬ್ಬರು ಅಂದಳೋ?

ಊರು ಮುಟ್ಟಿ ಫೋನು ಮಾಡಿದೆ. ಹಿಂದಿನಿಂದ ತಾಟಿನ ಸದ್ದು, ಮಷಿನ್ನಿನ ಸದ್ದು, ಯಾರೋ ಹಿಂಡಿ ಕೇಳುವ ಸದ್ದು.

"ಅಕ್ಕಾ, ಹೊರಡೂ ಮುಂದ ಎರಡ ಬಟ್ಟ ಹಿಡದಿಯಲಾ—"

"ಗಿರಾಕಿ ಅದಾರೋ ತಮ್ಮಾ, ಆಮ್ಯಾಲ ಮಾಡ್ತೀನಿ," ಅಂದು ಇಟ್ಟಳು.

ಅವಳು ಆಮೇಲೆ ಎಷ್ಟೋ ಸಲ ಫೋನು ಮಾಡಿದಳು. ಗೋಡೆಯ ಗುರುತಿನ ಪಕ್ಕ ಇನ್ನೊಂದು ಗುರುತು ಬಿದ್ದದ್ದು, ಡ್ರೈವರು ಬೇರೆ ಕಡೆ ಕೊರೆಯಲು ಹೋದರೂ ಊಟಕ್ಕೆ ಇಲ್ಲಿಗೇ ಬರುವುದು, ಅಂಗಡಿ ಬಿಡಬೇಕಾದರೆ ಹಿಂದಿನ ಓಣಿಯಲ್ಲಿ ಒಂದು ಶೆಡ್ಡು ನೋಡಿಟ್ಟಿರುವುದು, ಎಲ್ಲ ಹೇಳಿದಳು. ನಾನು ಮತ್ತೆ ಆ ಮಾತು ಕೇಳಲಿಲ್ಲ. ಕೇಳಿದರೆ ಒಂದು ಉತ್ತರ ಬರುತ್ತದೆ. ಅದು ಚಿಕ್ಕದೇ ಇರುತ್ತದೆ ಎಂದು ನನ್ನ ಕಸುಬಿನ ಅಂದಾಜು.

ಹಂಚನ್ನು ಅಟ್ಟದ ಮೇಲೆ ಇಟ್ಟೆ. ಬಡಿಗನನ್ನು ಕರೆಸಿ ಒಂದು ಬೆಂಚು ಮಾಡಿಸಿದೆ, ಬೆನ್ನಿಗೆ ಒರಗು ಇರುವಂಥದ್ದು. ಅದನ್ನು ಪಡಸಾಲೆಯಲ್ಲಿ ಕಿಟಕಿಯ ಪಕ್ಕ ಹಾಕಿದೆ. ಅಲ್ಲಿ ಕೂತರೆ ಕಬ್ಬು ಕಾಣುತ್ತದೆ, ರಸ್ತೆಯೂ ಕಾಣುತ್ತದೆ, ಒಲೆ ಕಾಣುವುದಿಲ್ಲ.

ವೈನಿ ಮಜ್ಜಿಗೆ ತಂದವರು ಬೆಂಚು ನೋಡಿದರು. "ಚಲೋ ಐತ್ರಿ. ಅಕ್ಕಾರು ಯಾವಾಗ ಬರ್ತಾರ?"

ನಾನು ಎರಡು ಬೆರಳು ತೋರಿಸಿದೆ.

"ಎರಡ ದಿನಕ್ಕೋ, ಎರಡ ತಿಂಗಳಿಗೋ?"

"ಮಾತ ಇನ್ನೂ ಮುಗದಿಲ್ರಿ," ಅಂದೆ. "ಟವೆಲ್ ತಗದಿಲ್ಲ."

ವೈನಿಗೆ ತಿಳಿಯಲಿಲ್ಲ. ನಕ್ಕು, ಚೆರಿಗೆ ಖಾಲಿ ಮಾಡಿಕೊಂಡು ಹೋದರು. ನಾನು ಬೆಂಚಿನ ಒಂದು ತುದಿಗೆ ಕೂತು ಮಜ್ಜಿಗೆ ಕುಡಿದೆ. ನಡುವೆ ಕೂರುವ ರೂಢಿಯನ್ನು ಇನ್ನೂ ಮಾಡಿಕೊಂಡಿಲ್ಲ.